ಹರಳಿನ ಭಟ್ಟಿ

ನೀರು ಸೋಸುವ ಒಂದು ಸೇರು ಕಲ್ಲಹರಳು ಹುರಿಯಲು ಎರಡು ಚೀಲ ಭತ್ತದ ಹೊಟ್ಟು ಬೇಕು, ಐದು ತಾಸು ಬೆಂಕಿ ಬೇಕು. ಅದು ಒಂದು ಮನೆಗೆ ಹದಿಮೂರು ದಿನ ಬರುತ್ತದೆ. ಮತ್ತೆ ಸರದಿ ಬರಲೂ ಹದಿಮೂರು ದಿನ. ಹುರಿದ ಹರಳು ಕೆಡಲು ಬಾಯಿಂದ ತಾಗಿದ ಒಂದು ಉಸಿರು ಸಾಕು. ಹಾಗಾಗಿ ದಾವಣಗೆರೆಯಲ್ಲಿ ಹಿಂದೆ ಮಂಡಕ್ಕಿ ಹುರಿಯುತ್ತಿದ್ದವರೆಲ್ಲ ಈಗ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಭಟ್ಟಿಗೆ ಇಳಿಯುತ್ತಾರೆ. ಬೋರಿನ ನೀರಿನ ಫ್ಲೋರೈಡ್ ವಿಷ ತೆಗೆಯುವುದು ಆ ಹರಳೊಂದೇ.

ಕೊಟ್ರಮ್ಮನ ಮಗಳು ಹೆತ್ತು ಒಂಬತ್ತು ದಿನ. ಬಾಣಂತಿ ಕುಡಿದ ನೀರೇ ಕೂಸಿನ ಹಾಲು. ಭಟ್ಟಿಯ ದಿಲ್‌ಶಾದಬಿ ಹುರಿದ ಹರಳನ್ನು ಡಬ್ಬಿಗೆ ತುಂಬಿ ಮುಂದಿಟ್ಟಳು. ಮೇಲೆ ಒಂದಿಷ್ಟು ಬೂದಿ ಕೂತಿತ್ತು. ಕೊಟ್ರಮ್ಮ ಬಾಯಿಯ ಬಟ್ಟೆ ಸರಿಸಿ, ಶೇಂಗಾ ಸಿಪ್ಪೆ ಹಾರಿಸುವಂತೆ ಉಫ್ ಎಂದು ಊದಿದಳು.

"ಯವ್ವಾ, ಏನ್ ಮಾಡಿದ್ಯೇ!"

"ಹಳೇ ರೂಢಿ, ಬೀಬಮ್ಮ. ಮೇಲಿಂದಷ್ಟೇ ಕೆಟ್ಟಿರ್ಬೇಕು. ತಳದ್ದು ನೋಡು."

ದಿಲ್‌ಶಾದಬಿ ತಳದಿಂದ ಎರಡು ಹರಳು ತೆಗೆದು ಅರಿಶಿನ ನೀರಿಗೆ ಹಾಕಿದಳು. ಒಳ್ಳೆಯ ಹರಳಾದರೆ ನೀರು ಓಕುಳಿಯಂತೆ ಕೆಂಪಾಗಬೇಕು. ಇಬ್ಬರೂ ಕಾದರು. ನೀರು ಹಳದಿಯಾಗಿಯೇ ಉಳಿಯಿತು.

"ಇನ್ನೊಂದ್ಸಲ ಹುರಿದು ಕೊಡು."

"ನಿನ್ ಹಿಂದೆ ನಲವತ್ತು ಡಬ್ಬಿ ಕುಂತಾವ. ಎಲ್ಲಾ ಮನ್ಯಾಗೂ ಕೂಸು ಅದಾವ. ಯಾರ್ದು ಹಿಂದಕ್ಕೆ ಸರಸ್ಲಿ, ನೀನೇ ಹೇಳು."

ಕೊಟ್ರಮ್ಮ ತನ್ನ ಡಬ್ಬಿಯನ್ನು ತಾನೇ ಬದಿಗೆ ಸರಿಸಿದಳು. ದಿಲ್‌ಶಾದಬಿ ಉಸಿರು ಬಿಗಿಹಿಡಿದು, ತನ್ನ ಮನೆಯ ಡಬ್ಬಿಯಿಂದ ಒಂದು ಹಿಡಿ ಹರಳು ತೆಗೆದು ಕೊಟ್ಟಳು.

ಬಾಣಂತಿಗೆ ಒಂದು ದಿನದ ನೀರು ಸಿಕ್ಕಿತು. ಹನ್ನೆರಡು ದಿನದ ನೀರು ಹೋಯಿತು.