ಕೊನೆಯ ಪಂಜರ

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಹಾಯಕಿ ಕೊನೆಯ ಪಂಜರ ತೆರೆಯುವಷ್ಟರಲ್ಲಿ ಪ್ರೊಫೆಸರ್ ಫೋನ್ ಮಾಡಿದರು. ಊರೆಲ್ಲ ಹರಡಿದ್ದ ಸೋಂಕಿನ ಭಯಕ್ಕೆ ಅವರು ಮನೆಬಿಟ್ಟು ಕದಲಿರಲಿಲ್ಲ.

“ಇಲಿಗಳನ್ನೆಲ್ಲ ಮುಗಿಸಿದ್ಯೇನಮ್ಮಾ? ನಾಳೆಯಿಂದ ಲ್ಯಾಬ್ ಬಂದ್, ನೋಡ್ಕೊಳ್ಳೋರು ಯಾರೂ ಇರಲ್ಲ.”

“ಇದೊಂದು ಪಂಜರ ಉಳಿದಿದೆ ಸರ್. ಇಲ್ಲಿ ನಾನೊಬ್ಬಳೇ, ಭಯ ಆಗ್ತಿದೆ.”

“ನೀನಿನ್ನೂ ಚಿಕ್ಕವಳು, ನಿಂಗೇನಾಗಲ್ಲ.”

ಅವಳು ಕೇಳಿದಳು: “ಲ್ಯಾಬ್ ಮತ್ತೆ ತೆರೆದಾಗ ನನ್ನ ಕೆಲಸ ಇರತ್ತಲ್ವಾ ಸರ್?”

“ಇಲಿಗಳೇ ಇಲ್ಲದ ಮೇಲೆ ಕೆಲಸ ಎಲ್ಲಿಂದ ಬರಬೇಕು, ಹೇಳು?” ಆ ಕಡೆ ಯಾರೋ ಅವರನ್ನು ಊಟಕ್ಕೆ ಕರೆದರು. ಫೋನ್ ಕಟ್ಟಾಯಿತು.

ಮರಿಯಿಂದ ಅವಳೇ ಸಾಕಿದ್ದ ಇಲಿಗಳು ಓಡಿಬಂದು ಅವಳ ಕೈಗವಸನ್ನು ಮೂಸಿದವು. ಅವಳು ಒಂದು ಹಿಡಿ ಕಾಳು ಹಾಕಿದಳು. ಅವು ತಿಂದು ಮುಗಿಸುವವರೆಗೂ ಕಾದು, ಮುಚ್ಚಳ ಮುಚ್ಚಿ, ವಿಷಾನಿಲದ ತಿರುಪು ತಿರುಗಿಸಿದಳು.