ಹಳದಿಯಾಗದ ನೀರು

ಹೊಳೆಪ್ಪ ಚೀಲದಿಂದ ಗಾಜಿನ ಭರಣಿ ತೆಗೆದು ಹಿತ್ತಲ ಕಟ್ಟೆಯ ಮೇಲಿಟ್ಟಾಗ ದಾವೂದಸಾಬ ನಕ್ಕುಬಿಟ್ಟ. ಭರಣಿಯ ತುಂಬ ನೀರಿನಲ್ಲಿ ನೆನೆದ ಬಿಳಿ ಬಿಳಿ ಕಾಳು.

"ಸಾಬೂದಾಣಿ ತಂದಿಯಲ್ಲೋ! ನನ್ನ ಮನಿಯಾಗ ಏಕಾದಶಿ ಮಾಡಾಂವ ಏನಲೇ?"

"ಮಾಡೂಣಂತ. ಮೊದಲ ನಿನ್ನ ಬ್ಯಾಟರಿ ನೀರು ತಗೊಂಬಾ."

ಕುಂದಗೋಳದ ಬಸ್‌ಸ್ಟ್ಯಾಂಡ್ ಹತ್ತಿರ ದಾವೂದಸಾಬನ ಬ್ಯಾಟರಿ ಅಂಗಡಿ, ಅದರ ಬೆನ್ನಿಗೇ ಮನೆ. ಟ್ರ್ಯಾಕ್ಟರು, ಮೆಟಡಾರುಗಳ ಸತ್ತ ಬ್ಯಾಟರಿ ಒಡೆದು, ಸೀಸದ ಪ್ಲೇಟು ತೊಳೆದು, ಆ ಹುಳಿನೀರನ್ನು ಹನ್ನೆರಡು ವರ್ಷದಿಂದ ಹಿತ್ತಲ ಮಣ್ಣಿನ ಗೋಡೆಯ ಬುಡಕ್ಕೆ ಚೆಲ್ಲುತ್ತ ಬಂದಿದ್ದ. ಅಲ್ಲಿಂದ ಹತ್ತು ಹೆಜ್ಜೆಗೆ ಕುಡಿಯುವ ನೀರಿನ ಬಾವಿ. ಅವನ ಹೆಂಡತಿ ಮಲಿಕಾಬಿಗೆ ಎರಡು ಸಲ ಆರನೇ ತಿಂಗಳಲ್ಲೇ ಬಸಿರು ಇಳಿದಿತ್ತು. ಈಗ ಮೂರನೆಯದು, ಐದು ತುಂಬಿದೆ. ಹೊಳೆಪ್ಪ ಅವನ ಕೂಡ ಗೋಲಿ ಆಡಿ ಬೆಳೆದವನು. ಧಾರವಾಡದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬಿನ ಸಿಪಾಯಿ. ಇಪ್ಪತ್ತು ವರ್ಷ ಗಾಜು ತೊಳೆಯುತ್ತ ಕಿವಿಗೆ ಬಿದ್ದ ಮಾತುಗಳಲ್ಲಿ ಒಂದು ಮಾತ್ರ ಅವನಿಗೆ ಈಚೆಗೆ ನಿದ್ದೆ ಕೊಟ್ಟಿರಲಿಲ್ಲ. ಸೀಸ ಒಳಗೆ ಹೋದ ಹೆಂಗಸಿಗೆ ಬಸಿರು ನಿಲ್ಲುವುದು ಕಷ್ಟ.

"ಸಮುದ್ರದ ಪಾಚಿ ಅಂಟು ಇದು," ಹೊಳೆಪ್ಪ ಭರಣಿಯ ಕಾಳು ತೋರಿಸಿದ. " ಸಿರಿಂಜಿನ್ಯಾಗ ತುಂಬಿ ಒಂದು ನಮೂನಿ ಉಪ್ಪಿನ ನೀರಾಗ ಹನಿ ಹನಿ ಬಿಟ್ರ, ಬಿದ್ದಂಗ ಬಿದ್ದಂಗ ಕಾಳು ಕಟ್ಟತೈತಿ. ಸೀಸ ಕಂಡ್ರ ಹಿಡದು ಕುಂದರತೈತಿ. ಇದರ ಮ್ಯಾಲ ಪುಸ್ತಕ ಬರದಾವ್ರು ನಮ್ಮ ಸಾಹೇಬ್ರು, ಕಾಳು ಬಿಟ್ಟಾಂವ ನಾನ!"

ದಾವೂದಸಾಬ ತಂದ ಬಕೆಟಿನ ಬ್ಯಾಟರಿ ನೀರಿಗೆ ಸುಣ್ಣದ ತಿಳಿ ಹಾಕಿ ಹೊಳೆಪ್ಪ ಅದರ ಹುಳಿ ಮುರಿದ. ಅಗದಿ ಹುಳಿ ಇದ್ದರೆ ಕಾಳು ಸೀಸ ಹಿಡಿಯುವುದಿಲ್ಲವಂತೆ. ಆ ನೀರನ್ನು ಒಂದಿಷ್ಟು ಗಾಜಿನ ನಳಿಕೆಗೆ ಹಾಕಿ, ಸಣ್ಣ ಬಾಟಲಿಯಿಂದ ಔಷಧ ಹನಿಸಿದ. ಅರಿಷಿಣ ಕಲಸಿದ ಹಾಗೆ ನೀರು ಹಳದಿಯಾಯಿತು.

"ಹಳದಿ ಅಂದ್ರ ಸೀಸ."

ದಾವೂದಸಾಬನ ಮುಖ ಸಣ್ಣದಾಯಿತು. "ಇಷ್ಟು ವಿಷ ಬಾವಿಗೆ ಇಳದಿದ್ರ ಬಾಯಿಗೆ ಕಹಿ ಹತ್ತಬೇಕಾಗಿತ್ತಲ್ಲೋ?"

"ಅಲ್ಲೇ ಐತಿ ನೋಡು ಮೋಸ. ಸೀಸ ಕಹಿ ಅಲ್ಲ, ಸಿಹಿ."

ತಳ ಕತ್ತರಿಸಿದ ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಕಾಳು ತುಂಬಿ, ಮೇಲಿನಿಂದ ನೀರು ಸುರುವಿದರು. ಕೆಳಗಿಟ್ಟ ತಂಬಿಗೆಗೆ ಅದು ತೊಟ್ಟು ತೊಟ್ಟಾಗಿ ಬಿತ್ತು. ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು, ಆಕಳು ಈಯುವುದನ್ನು ಕಾಯುವವರಂತೆ ಕಾದರು. ಮತ್ತೆ ನಳಿಕೆ, ಮತ್ತೆ ಔಷಧದ ಹನಿ. ನೀರು ನೀರಿನಂತೆಯೇ ಇತ್ತು. ಹೊಳೆಪ್ಪ ಇನ್ನೂ ಎರಡು ಹನಿ ಬಿಟ್ಟ. ಹಳದಿಯಾಗಲಿಲ್ಲ.

"ಇನ್ನ ಸೋಸಲಾರದ ಹನಿ ನೆಲಕ್ಕ ಬಿದ್ರ ಕೇಳು!" ದಾವೂದಸಾಬ ಗೆಳೆಯನ ಭುಜ ಹಿಡಿದು ಅಲುಗಾಡಿಸಿದ. "ಏಯ್ ಮಲಿಕಾ, ಚಾ ತಾ! ಸಕ್ಕರಿ ಜಾಸ್ತಿ ಹಾಕು!"

"ಒಂದು ಮಾತು. ಮಳಿಗಾಲದ ತನಕ ಬಾವಿ ನೀರು ಬ್ಯಾಡ, ಕೆರಿಯಿಂದ ತಾ. ಮತ್ತ ಈ ಕಾಳು ತಿಪ್ಪಿಗೆ ಹಾಕಬ್ಯಾಡ, ಕೋಳಿ ತಿಂದು ಸತ್ತಾವು," ಎಂದು ಹೊಳೆಪ್ಪ ಎಚ್ಚರಿಸಿದ.

ದಾವೂದಸಾಬ ಖುಷಿಯಲ್ಲಿ ತಂಬಿಗೆಯ ಆ ತಿಳಿನೀರನ್ನು ಹಿತ್ತಲ ಅದೇ ಮಣ್ಣಿನ ಗೋಡೆಗೆ ಎರಚಿದ. ಒಣ ಮಣ್ಣು ನೆನೆದು, ಮೊದಲ ಮಳೆ ಬಿದ್ದಂಥ ವಾಸನೆ ಎದ್ದಿತು. ಚಹಾ ತಂದ ಮಲಿಕಾಬಿ ಕಪ್ಪುಗಳನ್ನು ಕಟ್ಟೆಯ ಮೇಲಿಟ್ಟು, ಮೂಗರಳಿಸಿ ಗೋಡೆಯ ಮೂಲೆಗೆ ಸರಿದಳು. ಇವರಿಗೆ ಬೆನ್ನು ಮಾಡಿ, ಉಗುರಿನಿಂದ ಒಂದು ಚಿಟಿಕೆ ಮಣ್ಣು ಕೆರೆದು ಬಾಯಿಗೆ ಹಾಕಿಕೊಂಡಳು.

"ಬಸುರಿ ಬಯಕಿ," ದಾವೂದಸಾಬ ಚಹಾ ಹೀರುತ್ತ ನಕ್ಕ. "ತಿನ್ನಲಿ ಬಿಡು. ನಮ್ಮಮ್ಮಾನೂ ಮಣ್ಣು ತಿಂತಿದ್ಲಂತ."

ಹೊಳೆಪ್ಪ ಕಪ್ಪು ಎತ್ತಲಿಲ್ಲ. ಗೋಡೆಯ ಆ ಮೂಲೆಯಲ್ಲಿ ಮೂರು ಗುಳಿಗಳಿದ್ದವು. ಎರಡರಲ್ಲಿ ಜೇಡ ಬಲೆ ಕಟ್ಟಿತ್ತು. ಮೂರನೆಯದರಲ್ಲಿ ಉಗುರಿನ ಗೆರೆ ಇನ್ನೂ ಹಸಿಯಾಗಿತ್ತು.

"ತಂಗೀ," ಎಂದು ಆ ಗುಳಿಯ ಕಡೆ ಕೈ ತೋರಿಸಿದ.

ಅವಳು ಸೆರಗಿನಿಂದ ತುಟಿ ಒರೆಸಿಕೊಂಡು ನಾಚಿದಳು.

"ಏನ ಮಾಡ್ಲಿ ಅಣ್ಣಾ, ಮೂರೂ ಸಲ ಇದ ಬಯಕಿ. ಮಂದಿ ಮನಿ ಗ್ವಾಡಿ ಮಣ್ಣೂ ತಿಂದು ನೋಡೀನಿ, ಸಪ್ಪ. ನಮ್ಮ ಗ್ವಾಡಿ ಒಂದ ಸಿಹಿ."