ಆಲ್ದೋನ ಹೋಟೆಲಿನಲ್ಲಿ ಅಮ್ಮನ ಎಪ್ಪತ್ತು

ಆಲ್ದೋ ಮತ್ತೆ ಅಡುಗೆಮನೆಯೊಳಕ್ಕೆ ನುಸುಳಿದ. ಅಮ್ಮ ಅವನನ್ನು ಕರೆದದ್ದೇ ತಡ, "ಬಂದೆ ಮೇಡಂ, ಒಲೆ ಮೇಲೆ ಸಾಸ್ ಇದೆ" ಎಂದು ಬಾಗಿಲು ತಳ್ಳಿಕೊಂಡು ಹೋಗಿಬಿಟ್ಟ.

ಕಳ್ಳನ ನಡೆ, ಎಂದುಕೊಂಡಳು ಕೊರಿನಾ.

ಅವಳು ಪ್ರೌಢಶಾಲೆಯೊಂದರ ಉಪಪ್ರಾಂಶುಪಾಲೆ. ಮಕ್ಕಳ ಸುಳ್ಳು ಹಿಡಿದು ಹಿಡಿದು ಪಳಗಿದವಳು. ತಪ್ಪು ಮಾಡಿದವನು ಹೇಗಿರುತ್ತಾನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಣ್ಣು ತಪ್ಪಿಸುತ್ತಾನೆ. ಬೆವರುತ್ತಾನೆ. ನಿಂತಲ್ಲಿ ನಿಲ್ಲುವುದಿಲ್ಲ. ಮನಿಲಾದ ಮಕಾಟಿ ಬಡಾವಣೆಯ ಈ ದುಬಾರಿ ಇಟಾಲಿಯನ್ ಹೋಟೆಲಿನ ಮಾಲೀಕ ಎಸಿಯ ಚಳಿಯಲ್ಲೂ ಹಣೆ ಒರೆಸಿಕೊಳ್ಳುತ್ತಿದ್ದ.

ಭಾನುವಾರದ ಪೂಜೆ ಮುಗಿಸಿ ಚರ್ಚಿನಿಂದ ಎಲ್ಲರೂ ನೇರ ಇಲ್ಲಿಗೇ ಬಂದಿದ್ದರು. ಅಮ್ಮ ಮಿಲಾಗ್ರೋಸ್‌ಗೆ ಇವತ್ತು ಎಪ್ಪತ್ತು ತುಂಬಿತು. ಪ್ರತಿವರ್ಷ ಹುಟ್ಟುಹಬ್ಬ ಮನೆಯಲ್ಲೇ ನಡೆಯುತ್ತಿತ್ತು. ದೊಡ್ಡ ಬಾಣಲೆಯಲ್ಲಿ ಶಾವಿಗೆ, ಸಾಸೇಜ್ ಹಾಕಿದ ಸಿಹಿ ಸ್ಪಗೆಟ್ಟಿ, ಓಣಿಯವರೆಲ್ಲ ಹಾಜರು. ಈ ಸಲ ಅಮ್ಮ ಹಟ ಹಿಡಿದಳು. ಆಲ್ದೋನ ಹೋಟೆಲಿನಲ್ಲೇ ಆಗಬೇಕು, ಯಾರೂ ತಪ್ಪಿಸಿಕೊಳ್ಳಬಾರದು. ಚರ್ಚಿನ ಗೆಳತಿಯರನ್ನೂ ಕರೆದಿದ್ದಳು.

ಅಪ್ಪ ತೀರಿಕೊಂಡು ನಾಲ್ಕು ವರ್ಷ. ಮೂರು ವರ್ಷ ಅಮ್ಮ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟವಳಲ್ಲ. ಈಗ ಕೂದಲಿಗೆ ಬಣ್ಣ, ತುಟಿಗೆ ಹವಳದ ಕೆಂಪು. ಗುರುವಾರ ಬಂತೆಂದರೆ ಒಬ್ಬಳೇ ಟ್ಯಾಕ್ಸಿ ಮಾಡಿಕೊಂಡು ಇಲ್ಲಿಗೆ ಬರುತ್ತಾಳೆಂದು ಕೊರಿನಾಗೆ ಗೊತ್ತಾದದ್ದು ಪಕ್ಕದ ಮನೆಯವರಿಂದ.

"ಅಕ್ಕ, ಇದು ಸಿಹಿನೇ ಇಲ್ವಲ್ಲೇ!" ತಮ್ಮ ನೆಸ್ಟರ್ ಸ್ಪಗೆಟ್ಟಿಯ ತಟ್ಟೆ ತಿರುಗಿಸಿ ನೋಡಿದ. "ಸಾಸೇಜ್ ಎಲ್ಲಿ? ಅಡುಗೆಯವನೇ ತಿಂದ್ಬಿಟ್ನಾ?"

"ಸುಮ್ನೆ ತಿನ್ನೋ. ಆಲ್ದೋ ಕೈಯಾರೆ ಮಾಡಿದ್ದು," ಎಂದಳು ಅಮ್ಮ. "ಈಗ್ಲೇ ಅಭ್ಯಾಸ ಮಾಡ್ಕೋ. ಮುಂದೆ ಆಗಾಗ ತಿನ್ನಬೇಕಾಗುತ್ತೆ."

ಕೊರಿನಾಳ ಕೈಯಲ್ಲಿನ ಮುಳ್ಳುಚಮಚ ನಿಂತಿತು. ತಮ್ಮನ ಕಡೆ ಬಾಗಿದಳು.

"ಮುಂದೆ ಅಂದ್ರೇನೋ?"

"ನಂಗೇನು ಗೊತ್ತು? ಅಮ್ಮ ಖುಷಿಯಾಗಿದಾಳೆ, ಬಿಡು."

"ಬಿಡ್ತೀನಿ. ಅವನು ಬಂದು ಅಪ್ಪನ ಮನೇಲಿ ಠಿಕಾಣಿ ಹೂಡಿದ ದಿನ ನನ್ನ ಹತ್ರ ಅಳ್ತಾ ಬರಬೇಡ."

ಆಲ್ದೋ ಮೀನಿನ ತಟ್ಟೆ ಹಿಡಿದು ಬಂದ. ಬಿಳಿ ಮೀಸೆಯ, ಅಗಲ ಹೆಗಲಿನ ಮನುಷ್ಯ. ಇಟಲಿಯವನಾದರೂ ಮನಿಲಾದಲ್ಲೇ ಮುಪ್ಪಾದವನು, ಭಾಷೆ ಇಲ್ಲಿಯವರಷ್ಟೇ ಸಲೀಸು. ಅಮ್ಮ ಪಕ್ಕದ ಖಾಲಿ ಕುರ್ಚಿ ತಟ್ಟಿದಳು.

"ಕೂತ್ಕೋ ಆಲ್ದೋ. ಎಲ್ಲ ನಮ್ಮ ಮನೆಯವರೇ."

ಅವನು ತಟ್ಟೆಯನ್ನು ಮೇಜಿನ ಆ ತುದಿಗೆ ಇಟ್ಟು, ಬಡಿಸುವವನ ಹಿಂದೆ ಸರಿದು ನಿಂತ.

"ಕೂತ್ಕೊಳ್ಳಿ," ಎಂದಳು ಕೊರಿನಾ. "ನಿಮ್ಮ ವಿಷಯ ತುಂಬಾ ಕೇಳಿದೀನಿ."

ಆಲ್ದೋನ ಮುಖ ಬಿಳಿಚಿತು. "ನಿಮ್ಮ ಅಮ್ಮ... ಎಲ್ಲಾ ಹೇಳಿದಾರಾ?"

"ಹೇಳದೇ ಇರೋದೂ ನನಗೆ ಅರ್ಥ ಆಗುತ್ತೆ."

ಅವನು ನೆಲ ನೋಡಿದ. ಇನ್ನೇನು ಸಾಕ್ಷಿ ಬೇಕು?

ಅಮ್ಮ ಗಡಿಬಿಡಿಯಿಂದ ಬಡಿಸುವವನ ಕಡೆ ತಿರುಗಿದಳು. "ಕೇಕ್ ತಂದ್ಬಿಡಪ್ಪ. ಆಮೇಲೆ ಎಲ್ಲರ ಮುಂದೆ ನಾನೊಂದು ಮಾತು ಹೇಳೋದಿದೆ."

ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಲ್ದೋ ಆಗಲೇ ಮಾಯ. ಕೊರಿನಾಗೆ ಕೂರಲಾಗಲಿಲ್ಲ. ನ್ಯಾಪ್ಕಿನ್ನನ್ನು ತಟ್ಟೆಯ ಮೇಲೆಸೆದು ಎದ್ದಳು. ಏಳುವಾಗ ಅಮ್ಮ ತನ್ನನ್ನು ನೋಡಿ, ಹೋಗು ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ್ದು ಕಂಡಿತು. ಅದೇಕೆಂದು ಯೋಚಿಸುವ ತಾಳ್ಮೆ ಅವಳಿಗಿರಲಿಲ್ಲ.

ಅಡುಗೆಮನೆಗೆ ಹೋಗುವ ಒಳದಾರಿಯಲ್ಲಿ ಆಲ್ದೋ ಗೋಡೆಗೆ ಒರಗಿ ನಿಂತಿದ್ದ.

"ನೋಡಿ," ಅವಳು ಎದುರಿಗೆ ಬಂದು ನಿಂತಳು. "ಅಪ್ಪ ಇಲ್ಲದ ಮನೇಲಿ ಅಮ್ಮ ಒಂಟಿ. ಯಾರಾದ್ರೂ ಎರಡು ಸಿಹಿ ಮಾತಾಡಿದ್ರೆ ಕರಗಿ ಹೋಗ್ತಾಳೆ. ಅದು ನಿಮಗೆ ಚೆನ್ನಾಗಿ ಗೊತ್ತಾಗಿದೆ. ನಾನು ಬದುಕಿರೋ ತನಕ ಈ ಮದುವೆ ಆಗೋಕೆ ಬಿಡಲ್ಲ. ಇವತ್ತೇ ನಿಲ್ಲಿಸಿ. ಈಗಲೇ!"

ಆಲ್ದೋ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟ. ಆಮೇಲೆ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ದೇವರೇ ಕಳಿಸಿದ ಹಾಗೆ ಬಂದ್ರಿ, ತಾಯಿ. ಈ ಮಾತನ್ನ ಅವರಿಗೇ ಹೇಳ್ತೀರಾ? ನಾನು ಮೂರು ಸಲ ಬೇಡ ಅಂದೆ."

ಕೊರಿನಾ ಕೈ ಬಿಡಿಸಿಕೊಂಡಳು. "ನೀವೇ ಬೇಡ ಅಂದ್ರಾ?"

"ಒಳ್ಳೆ ಹೆಂಗಸು. ನಗ್ತಾ ಬರ್ತಾರೆ, ನಗಿಸಿ ಹೋಗ್ತಾರೆ. ಬರಬೇಡಿ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಮದುವೆ ನನ್ನ ಕೈಲಿ ಆಗಲ್ಲ. ನನಗೆ ಆ ಮನಸ್ಸಿಲ್ಲ. 'ಇವತ್ತು ಮನೆಯವರೆಲ್ಲರ ಮುಂದೆ ಕೇಳ್ತೀನಿ, ಆಗ ಹೇಗೆ ಇಲ್ಲ ಅಂತೀಯ ನೋಡ್ತೀನಿ' ಅಂದಿದಾರೆ. ಅದಕ್ಕೇ ಅಡುಗೆಮನೇಲಿ ಅಡಗ್ತಿದೀನಿ. ಅಷ್ಟು ಜನರ ಎದುರು ಅವರಿಗೆ ಇಲ್ಲ ಅನ್ನಲಾ ನಾನು?"

ಒಳಗಿನಿಂದ ಗಾಜಿನ ಲೋಟಕ್ಕೆ ಚಮಚ ತಾಗಿಸುವ ಸದ್ದು ಕೇಳಿತು. ಟಿಣ್, ಟಿಣ್, ಟಿಣ್.

ಕೊರಿನಾ ಓಡಿದಳು.

ಕೇಕಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಅಮ್ಮ ಎದ್ದು ನಿಂತಿದ್ದಳು. ಕೆನ್ನೆ ಹುಡುಗಿಯ ಹಾಗೆ ಕೆಂಪಾಗಿತ್ತು. "ಎಲ್ಲರೂ ಕೇಳಿ. ನಾನು, ಆಲ್ದೋ—"

ಕೊರಿನಾ ಹಾಡತೊಡಗಿದಳು. ಗಂಟಲು ಹರಿಯುವಂತೆ, ಶ್ರುತಿ ತಪ್ಪಿ, ಹುಟ್ಟುಹಬ್ಬದ ಹಾಡು. ಮನೆಯಲ್ಲಿ ಎಲ್ಲರೂ ಕ್ಯಾರಿಯೋಕೆಗೆ ಜಗಳವಾಡುವಾಗಲೂ ಒಂದು ದಿನವೂ ಮೈಕು ಮುಟ್ಟದ ಅಕ್ಕನನ್ನು ನೆಸ್ಟರ್ ಬೆಪ್ಪಾಗಿ ನೋಡಿದ. ಆಮೇಲೆ ಅವನೂ ದನಿಗೂಡಿಸಿದ. ಗೆಳತಿಯರು ಚಪ್ಪಾಳೆ ತಟ್ಟಿದರು. ಪಕ್ಕದ ಮೇಜುಗಳವರೂ ಸೇರಿಕೊಂಡರು. ಹಾಡು ಮುಗಿಯುವ ಹೊತ್ತಿಗೆ ಕೊರಿನಾ ಮತ್ತೆ ಮೊದಲಿನಿಂದ ಎತ್ತಿಕೊಂಡಳು. ನಿಲ್ಲಿಸಲು ಅವಳಿಗೆ ಧೈರ್ಯವಿರಲಿಲ್ಲ.

ಅಮ್ಮ ನಿಧಾನವಾಗಿ ಲೋಟ ಕೆಳಗಿಟ್ಟಳು. ಅಡುಗೆಮನೆಯ ಕಡೆ ನೋಡಿದಳು; ಆಲ್ದೋ ಹೊರಗೆ ಬಂದಿರಲಿಲ್ಲ. ಮಗಳ ಒದ್ದೆ ಕಣ್ಣು ನೋಡಿದಳು. ಮುತ್ತಿಡುವವಳಂತೆ ಅವಳ ಕತ್ತು ಹಿಡಿದು ಬಗ್ಗಿಸಿ, ಹಾಡಿನ ಗದ್ದಲದ ನಡುವೆ ಕಿವಿಯಲ್ಲಿ ಕೇಳಿದಳು:

"ನನ್ನ ಪರವಾಗಿ ನೀನು ಕೇಳಿದ್ರೂ ಬೇಡ ಅಂದ್ನಾ, ಮಗಳೇ?"